ನೆಲ ನಿಜಕ್ಕೂ ಡೊಂಕಾಗಿದೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಉಪನ್ಯಾಸಕರ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಗಾದೆಯನ್ನು ಎತ್ತಿ ಆಡುತ್ತಾರೆ. ಕಂಪ್ಯೂಟರು ಕೊಟ್ಟೆವು, ಪ್ರೊಜೆಕ್ಟರು ಕೊಟ್ಟೆವು, ಸ್ಮಾರ್ಟ್ ಬೋರ್ಡು ಹಾಕಿಸಿದೆವು, ತರಬೇತಿಯನ್ನೂ ಕೊಟ್ಟೆವು. ಆದರೂ ಈ ಮೇಷ್ಟ್ರುಗಳು ಸೀಮೆಸುಣ್ಣ ಬಿಡಲೊಲ್ಲರು ಎಂಬುದು ಮೇಲಿನವರ ದೂರು. ಸಾಫ್ಟ್‌ವೇರ್ ಮಾರಲು ಬರುವ ಕಂಪೆನಿಯ ಪ್ರತಿನಿಧಿಯೂ ಇದನ್ನೇ ಹೇಳುತ್ತಾನೆ, ಸಮಾರಂಭದ ಉದ್ಘಾಟನೆಗೆ ಬರುವ ರಾಜಕಾರಣಿಯೂ ಇದನ್ನೇ ಹೇಳುತ್ತಾರೆ. ಗಾದೆ ಸುಳ್ಳಾಗದು ಎಂಬ ಮಾತಿನಲ್ಲಿ ನನಗೆ ಅಷ್ಟೇನೂ ನಂಬಿಕೆಯಿಲ್ಲ. ನೆಲ ನಿಜಕ್ಕೂ ಡೊಂಕಾಗಿದ್ದರೆ ಕುಣಿಯುವವಳು ಏನು ಮಾಡಬೇಕು? ಆ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ.

ಡಿಜಿಟಲ್ ಬೋಧನೆಯ ತರಬೇತಿ ಎಂಬುದು ಕೊರೋನಾ ಕಾಲದಲ್ಲಿ ಹುಟ್ಟಿದ ಕೂಸಲ್ಲ. 1984ರಲ್ಲೇ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ದೂರದರ್ಶನದಲ್ಲಿ ದೇಶಕ್ಕೆಲ್ಲ ಒಂದೇ ತರಗತಿ ಎಂಬ ಕಾರ್ಯಕ್ರಮ ಶುರುಮಾಡಿತ್ತು. ಪಾಠ ಇಂಗ್ಲಿಷಿನಲ್ಲಿತ್ತು, ಅದು ಪ್ರಸಾರವಾಗುವ ಹೊತ್ತಿಗೆ ಹಳ್ಳಿಯ ಕಾಲೇಜಿನಲ್ಲಿ ಟಿವಿಯೂ ಇರುತ್ತಿರಲಿಲ್ಲ, ಕರೆಂಟೂ ಇರುತ್ತಿರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಆಕಾಶಕ್ಕೆ ಹಾರಿತು. ಅದರ ಪ್ರಾಯೋಗಿಕ ಹಂತಕ್ಕೆ ಆರಿಸಿದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಆ ಉಪಗ್ರಹದ ಆಯುಸ್ಸು 2010ಕ್ಕೆ ಮುಗಿಯಿತು. 2017ರಲ್ಲಿ ಸ್ವಯಂ ಬಂತು. 2021ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಮಾರು 430 ಸರ್ಕಾರಿ ಪದವಿ ಕಾಲೇಜುಗಳಿಗಾಗಿ ಕರ್ನಾಟಕ ಎಲ್‌ಎಂಎಸ್ ಎಂಬ ಕಲಿಕಾ ನಿರ್ವಹಣಾ ವ್ಯವಸ್ಥೆಯನ್ನು ಉದ್ಘಾಟಿಸಿತು. ಅದೇ ವರ್ಷ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಯೋಜನೆಯೂ ಬಂತು.

ಈ ನಾಲ್ಕು ದಶಕಗಳ ಕಥೆಯಲ್ಲಿ ಒಂದು ವರಸೆ ಮಾತ್ರ ಬದಲಾಗಲಿಲ್ಲ. ಮೊದಲು ಯಂತ್ರ ಬರುತ್ತದೆ, ಆಮೇಲೆ ಉದ್ಘಾಟನೆ, ಅದರ ನಂತರ ಎಲ್ಲೋ ಕೊನೆಯಲ್ಲಿ ಮೇಷ್ಟ್ರ ನೆನಪಾಗುತ್ತದೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಸಡಗರ ಇದು. ಮೇಷ್ಟ್ರಿಗೆ ಏನು ಬೇಕು, ಅವರ ಎದುರು ಕೂತ ಮಕ್ಕಳು ಯಾರು ಎಂದು ಯಂತ್ರ ಕೊಳ್ಳುವ ಮೊದಲು ಯಾರೂ ಕೇಳಿದ ಹಾಗಿಲ್ಲ.

ತರಬೇತಿ ಹೇಗೆ ನಡೆಯುತ್ತದೆಂದು ಈ ರಂಗದಲ್ಲಿರುವ ಎಲ್ಲರಿಗೂ ಗೊತ್ತು. ಬೆಳಗ್ಗೆ ಉದ್ಘಾಟನೆ, ದೀಪ, ಸ್ವಾಗತ, ಹಾರ, ಹನ್ನೊಂದೂವರೆಗೆ ಚಹಾ. ಸಂಪನ್ಮೂಲ ವ್ಯಕ್ತಿ ಎಂಬ ಬಿರುದು ಹೊತ್ತವರು ಬೆಂಗಳೂರಿನಿಂದ ಬಂದಿರುತ್ತಾರೆ. ಅವರು ತಮ್ಮ ಕಂಪ್ಯೂಟರಿನಲ್ಲಿ ಹತ್ತು ಹದಿನೈದು ಸಾಧನಗಳನ್ನು ಒಂದರ ಹಿಂದೊಂದು ತೆರೆದು ತೋರಿಸುತ್ತಾರೆ: ಇದು ರಸಪ್ರಶ್ನೆ ಮಾಡುವುದಕ್ಕೆ, ಇದು ವಿಡಿಯೋ ಕತ್ತರಿಸುವುದಕ್ಕೆ, ಇದು ಹಾಜರಿಗೆ. ಕೆಳಗೆ ಕೂತ ಅರವತ್ತು ಮಂದಿ ಅದನ್ನು ಸಿನಿಮಾ ನೋಡುವಂತೆ ನೋಡುತ್ತಾರೆ. ತಾವೇ ಕೈಯಾರೆ ಮಾಡಿ ನೋಡೋಣವೆಂದರೆ ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರುಗಳಿಲ್ಲ. ಸಂಜೆ ಸಮಾರೋಪ, ಗುಂಪು ಫೋಟೋ, ಪ್ರಮಾಣಪತ್ರ. ಇತಿಹಾಸದವರಿಗೂ ಅದೇ ತರಬೇತಿ, ರಸಾಯನಶಾಸ್ತ್ರದವರಿಗೂ ಅದೇ. ಮರುದಿನ ಕಾಲೇಜಿಗೆ ಹೋದರೆ ಪ್ರೊಜೆಕ್ಟರಿನ ಬಲ್ಬು ಸುಟ್ಟಿರುತ್ತದೆ.

2020ರ ಲಾಕ್‌ಡೌನ್ ದಿನಗಳಲ್ಲಿ ಈ ಜಾತ್ರೆ ಮನೆಮನೆಗೂ ಬಂತು. ದಿನಕ್ಕೆ ಮೂರು ವೆಬಿನಾರ್. ಹೆಸರು ನೋಂದಾಯಿಸಿ, ಕೊನೆಯಲ್ಲಿ ಗೂಗಲ್ ಫಾರ್ಮಿನಲ್ಲಿ ಹತ್ತು ಪ್ರಶ್ನೆಗಳಿಗೆ ಗುರುತು ಹಾಕಿದರೆ ಸಾಕು, ಇ-ಪ್ರಮಾಣಪತ್ರ ಮಿಂಚಂಚೆಗೆ ಬಂದು ಬೀಳುತ್ತಿತ್ತು. ಉಪನ್ಯಾಸ ಕೇಳಬೇಕೆಂಬ ನಿಯಮವೂ ಇರಲಿಲ್ಲ. ಆ ಕಾಲದಲ್ಲಿ ಐವತ್ತು ಅರವತ್ತು ಪ್ರಮಾಣಪತ್ರ ಸಂಪಾದಿಸಿದ ಮಿತ್ರರು ನನಗೆ ಗೊತ್ತು. ಅವರನ್ನು ನಾನು ದೂರುವುದಿಲ್ಲ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರು ಮೇಲಿನ ಶ್ರೇಣಿಗೆ ಹೋಗಬೇಕಾದರೆ ಓರಿಯಂಟೇಶನ್ ಕೋರ್ಸು, ಪುನಶ್ಚೇತನ ಕೋರ್ಸು ಅಥವಾ ಅದಕ್ಕೆ ಸಮನಾದ ಆನ್‌ಲೈನ್ ಕೋರ್ಸು ಮುಗಿಸಿರಬೇಕು. ಕಲಿತಿರಬೇಕು ಎಂದು ನಿಯಮ ಹೇಳಬಹುದು, ಕಡತ ಕೇಳುವುದು ಕಾಗದವನ್ನು. ಕಾಗದ ಕೇಳಿದವರಿಗೆ ಕಾಗದವೇ ಸಿಗುತ್ತದೆ. ಸ್ಟಾಫ್ ಕಾಲೇಜುಗಳಿಗೆ 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದು ಹೆಸರಿಟ್ಟರು, 2023ರಲ್ಲಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರ ಎಂದರು. ಬೋರ್ಡು ಬರೆಯುವವರಿಗೆ ಕೆಲಸ ಸಿಕ್ಕಿತು.

ಇಷ್ಟಾದರೂ ಖಾಯಂ ಉಪನ್ಯಾಸಕರಿಗೆ ಕೋರ್ಸಿಗೆ ಹೋಗಲು ರಜೆಯಾದರೂ ಇದೆ, ಹೋದರೆ ಬಡ್ತಿಯಾದರೂ ಇದೆ. ನಮ್ಮ ಪದವಿ ಕಾಲೇಜುಗಳಲ್ಲಿ ನಿಜಕ್ಕೂ ಪಾಠ ಮಾಡುವವರು ಯಾರು? ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿಯುತ್ತಾ ಬಂದಿದ್ದಾರೆ. ಅತಿಥಿ ಎಂಬ ಪದವನ್ನು ಕನ್ನಡದಲ್ಲಿ ಇದಕ್ಕಿಂತ ಕ್ರೂರವಾಗಿ ಯಾರೂ ಬಳಸಿರಲಾರರು. ಹತ್ತು ಹದಿನೈದು ವರ್ಷ ಒಂದೇ ಮನೆಯಲ್ಲಿ ಚಾಕರಿ ಮಾಡುವ ಅತಿಥಿಯನ್ನು ಎಲ್ಲಾದರೂ ಕಂಡಿದ್ದೀರಾ? 2022ರ ಜನವರಿಯವರೆಗೆ ಇವರ ತಿಂಗಳ ಗೌರವಧನ 11,000 ಅಥವಾ 13,000 ರೂಪಾಯಿ. ಬೀದಿಗಿಳಿದು ಮುಷ್ಕರ ಹೂಡಿದ ಮೇಲೆ ಅದು ವಿದ್ಯಾರ್ಹತೆ, ಸೇವಾವಧಿಗೆ ತಕ್ಕಂತೆ 26,000ದಿಂದ 32,000ದವರೆಗೆ ಏರಿತು. ಆದರೆ ವಾರದ ಗಂಟೆಗಳನ್ನೂ ಜೊತೆಗೇ ಏರಿಸಿದ್ದರಿಂದ ಎಷ್ಟೋ ಮಂದಿ ಇದ್ದ ಕೆಲಸವನ್ನೂ ಕಳೆದುಕೊಂಡರು. 2023ರ ಕೊನೆಯಲ್ಲಿ ಮತ್ತೆ ಮುಷ್ಕರ ನಡೆಯಿತು.

ಈ ಅತಿಥಿಗಳಿಗೆ ಪ್ರತಿವರ್ಷ ಹೊಸದಾಗಿ ಅರ್ಜಿ, ಹೊಸದಾಗಿ ಕೌನ್ಸೆಲಿಂಗ್. ಈ ವರ್ಷ ಪುತ್ತೂರಿನಲ್ಲಿದ್ದವರು ಬರುವ ವರ್ಷ ಎಲ್ಲಿರುತ್ತಾರೋ, ಇರುತ್ತಾರೋ ಇಲ್ಲವೋ. ಇಂಥವರನ್ನು ಎಲ್‌ಎಂಎಸ್ ತರಬೇತಿಗೆ ಕಳಿಸಬೇಕೆಂದು ಯಾವ ಪ್ರಾಂಶುಪಾಲರಿಗೆ ತೋಚೀತು? ಕಳಿಸಿದರೂ ಆ ದಿನ ತಪ್ಪಿದ ತರಗತಿಯ ಲೆಕ್ಕ ಯಾರು ಕೊಡುತ್ತಾರೆ? ಆನ್‌ಲೈನ್ ಪಾಠದ ಕಾಲದಲ್ಲಿ ಇವರು ತಮ್ಮ ಕೈಯಿಂದ ಡೇಟಾ ಹಾಕಿಸಿಕೊಂಡು, ತಮ್ಮದೇ ಮೊಬೈಲಿನಲ್ಲಿ ಪಾಠ ಮಾಡಿದರು. ವಿಡಿಯೋಗಳನ್ನೂ ಮಾಡಿಕೊಟ್ಟರು. ವರ್ಷದ ಕೊನೆಗೆ ಆ ವಿಡಿಯೋ ಕಾಲೇಜಿನಲ್ಲಿ ಉಳಿಯಿತು, ಮಾಡಿದವರು ಹೊರಗಿದ್ದರು. ಕಲಿಸುವವರಲ್ಲಿ ಬಹುದೊಡ್ಡ ಪಾಲನ್ನು ಬಿಟ್ಟು ನಡೆಸುವ ತರಬೇತಿಯನ್ನು ಉಪನ್ಯಾಸಕರ ತರಬೇತಿ ಎಂದು ಕರೆಯುವುದೇ ಒಂದು ಸುಳ್ಳು.

ಇನ್ನು ಭಾಷೆಯ ಮಾತು. ನಮ್ಮ ಕರಾವಳಿಯ ಒಂದು ಬಿಎ ತರಗತಿಯನ್ನು ತೆಗೆದುಕೊಳ್ಳಿ. ಮಕ್ಕಳ ಮನೆಯಲ್ಲಿ ಬ್ಯಾರಿ, ತುಳು, ಕೊಂಕಣಿ. ತರಗತಿಯಲ್ಲಿ ಕನ್ನಡ. ಪರದೆಯಲ್ಲಿ ಇಂಗ್ಲಿಷ್. ಕನ್ನಡದಲ್ಲಿ ಸೊಗಸಾಗಿ ರಾಜ್ಯಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು, ಪವರ್‌ಪಾಯಿಂಟ್ ಕಲಿತ ಮೇಲೆ ಅಂತರ್ಜಾಲದಿಂದ ಇಳಿಸಿಕೊಂಡ ಇಂಗ್ಲಿಷ್ ಸ್ಲೈಡುಗಳನ್ನು ಮಕ್ಕಳ ಮುಂದೆ ಓದಿ, ಅದಕ್ಕೆ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಪಾಠ ಇದ್ದಲ್ಲಿ ಈಗ ಭಾಷಾಂತರ ಬಂದಿದೆ. ಅವರೇಕೆ ಕನ್ನಡದಲ್ಲೇ ಸ್ಲೈಡು ಮಾಡುವುದಿಲ್ಲ? ಸೋಮಾರಿತನವಲ್ಲ. ಅವರ ಇಪ್ಪತ್ತು ವರ್ಷಗಳ ಟಿಪ್ಪಣಿ ಇರುವುದು ನುಡಿ ಅಥವಾ ಬರಹದ ಹಳೆಯ ಅಕ್ಷರಗಳಲ್ಲಿ. ಆ ಕಾಲಕ್ಕೆ ಅವು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದ ತಂತ್ರಾಂಶಗಳೇ, ಅದನ್ನು ಮರೆಯಬಾರದು. ಆದರೆ ಆ ಅಕ್ಷರಗಳು ಯುನಿಕೋಡ್ ಅಲ್ಲ. ಅದೇ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ, ಎಲ್‌ಎಂಎಸ್‌ನಲ್ಲಿ ತೆರೆದರೆ ಕನ್ನಡ ಹೋಗಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಹಳೆಯದನ್ನು ಯುನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳು ಬಂದು ಎಷ್ಟೋ ಕಾಲವಾಯಿತು. ಅದನ್ನು ಬಳಸಲು ಕಲಿಸಬೇಕಾದರೆ ಅರ್ಧ ದಿನ ಸಾಕು. ಮೊಬೈಲಿನಲ್ಲಿ ಮಾತಾಡಿ ಕನ್ನಡ ಬರೆಯಿಸಲು ಇನ್ನೊಂದು ಗಂಟೆ. ಹದಿನೈದು ಬಗೆಯ ವಿದೇಶಿ ಸಾಧನಗಳನ್ನು ತೋರಿಸುವ ಎಷ್ಟು ಕಾರ್ಯಾಗಾರಗಳಲ್ಲಿ ಈ ಒಂದೂವರೆ ವಿದ್ಯೆಗೆ ಜಾಗ ಸಿಕ್ಕಿದೆ?

ಇದು ಬರೀ ಕನ್ನಡಾಭಿಮಾನದ ಪ್ರಶ್ನೆಯಲ್ಲ. ಈಗ ಹೆಚ್ಚಿನ ಕಾಲೇಜುಗಳಲ್ಲಿ ಡಿಜಿಟಲ್ ಬೋಧನೆ ಎಂದರೆ ವಾಟ್ಸಾಪ್ ಗುಂಪಿಗೆ ಕೈಬರಹದ ಟಿಪ್ಪಣಿಯ ಫೋಟೋ ಹಾಕುವುದು. ಕಣ್ಣು ಕಾಣುವವರಿಗೆ ಅದು ನಡೆಯುತ್ತದೆ. ಕಣ್ಣು ಕಾಣದ ವಿದ್ಯಾರ್ಥಿ ಏನು ಮಾಡಬೇಕು? ಅವನ ಮೊಬೈಲಿನಲ್ಲಿ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇದೆ, ಕನ್ನಡವನ್ನೂ ಅದು ಓದುತ್ತದೆ. ಆದರೆ ಫೋಟೋವನ್ನು ಅಕ್ಷರದಂತೆ ಅದು ಓದಲಾರದು, ಹಳೆಯ ನುಡಿ ಕಡತವನ್ನು ಓದಿದರೆ ಕಿವಿಗೆ ಬೀಳುವುದು ಬರೀ ಗದ್ದಲ. ಅದೇ ಟಿಪ್ಪಣಿಯನ್ನು ಯುನಿಕೋಡಿನಲ್ಲಿ ಟೈಪು ಮಾಡಿ ಹಾಕಿದ್ದರೆ ಅವನು ತನ್ನ ಪಾಡಿಗೆ ಕೂತು ಕೇಳಿ ಪರೀಕ್ಷೆಗೆ ಸಿದ್ಧನಾಗುತ್ತಿದ್ದ. ಅಂಗವಿಕಲರ ಹಕ್ಕುಗಳ ಕಾನೂನು 2016ರಲ್ಲೇ ಬಂದಿದೆ. ಉಪನ್ಯಾಸಕರಿಗೆ ಈ ಮಾತನ್ನು ಒಮ್ಮೆ ಹೇಳಿದರೆ ಸಾಕು, ಬೇಡ ಎನ್ನುವವರು ಸಿಗಲಾರರು. ಹೇಳುವವರಿಲ್ಲ.

ವಿದ್ಯಾರ್ಥಿಗಳ ಮನೆಯ ಸ್ಥಿತಿಯನ್ನಾದರೂ ತರಬೇತಿ ಕೊಡುವವರು ತಿಳಿದಿದ್ದಾರೆಯೇ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಲ್ಲಿ, ಇಂಟರ್‌ನೆಟ್ ಸೌಲಭ್ಯವಿದ್ದದ್ದು 14.9ರಲ್ಲಿ. ಅಲ್ಲಿಂದ ಈಚೆಗೆ ಮೊಬೈಲು ಹೆಚ್ಚಿದೆ, ನಿಜ. ಆದರೆ 2021ರ ಜೂನ್ ಮಳೆಯಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರ ರಸ್ತೆ ಬದಿಯಲ್ಲಿ ನೆಟ್‌ವರ್ಕ್ ಹುಡುಕಿ ಕೂತ ಹೈಸ್ಕೂಲು ಹುಡುಗಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಇಡೀ ದೇಶ ನೋಡಿದೆ. ಬೀಡಿ ಕಟ್ಟುವ ತಾಯಿಯ ಮನೆಯಲ್ಲಿ ಒಂದೇ ಫೋನು ಇದ್ದರೆ ಅದು ಅಣ್ಣನ ಜೇಬಿನಲ್ಲಿರುತ್ತದೆ, ಕಾಲೇಜಿಗೆ ಹೋಗುವ ತಂಗಿಗೆ ಸಿಗುವುದು ರಾತ್ರಿ ಒಂಬತ್ತರ ಮೇಲೆ. ಇದು ಯಾವ ಒಂದು ಜಾತಿಯ, ಧರ್ಮದ ಮನೆಯ ಕಥೆಯೂ ಅಲ್ಲ. ಒಂದು ಗಂಟೆಯ ವಿಡಿಯೋ ಹಾಕುವ ಬದಲು ಎಂಟು ನಿಮಿಷದ ಧ್ವನಿ ಪಾಠ ಮಾಡಿದರೆ ಆ ಹುಡುಗಿಗೆ ಅದು ದಕ್ಕುತ್ತದೆ ಎಂಬ ಅರಿವು ಇದೆಯಲ್ಲ, ಡಿಜಿಟಲ್ ಬೋಧನೆಯ ತರಬೇತಿ ಎಂದರೆ ಮೊದಲು ಅದೇ ಆಗಬೇಕಿತ್ತು.

ಹಾಗೆಂದು ನಮ್ಮ ಉಪನ್ಯಾಸಕರು ಕಂಪ್ಯೂಟರ್ ಮುಟ್ಟುವುದೇ ಇಲ್ಲವೆಂದು ತಿಳಿಯಬೇಡಿ. ದಿನವಿಡೀ ಮುಟ್ಟುತ್ತಾರೆ. ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಏಕೀಕೃತ ವ್ಯವಸ್ಥೆ, ಅಂದರೆ ಯುಯುಸಿಎಂಎಸ್, ಬಂದ ಮೇಲೆ ಪ್ರವೇಶಾತಿಯ ಪರಿಶೀಲನೆ, ಆಂತರಿಕ ಅಂಕಗಳ ದಾಖಲೆ, ಪರೀಕ್ಷೆಯ ಅರ್ಜಿ ಎಲ್ಲವೂ ಅದರಲ್ಲೇ. ಕೊನೆಯ ದಿನ ಸರ್ವರ್ ನಿಂತರೆ ರಾತ್ರಿ ಹನ್ನೆರಡಕ್ಕೆ ಎದ್ದು ಅಂಕ ತುಂಬುವವರು ಈ ಮೇಷ್ಟ್ರುಗಳೇ. ನ್ಯಾಕ್ ಸಮಿತಿ ಬರುತ್ತದೆಂದರೆ ಕೇಳುವುದೇ ಬೇಡ. 2017ರಲ್ಲಿ ಬಂದ ಅದರ ಹೊಸ ಪದ್ಧತಿ, ಎಷ್ಟು ತರಗತಿ ಕೋಣೆಗಳಲ್ಲಿ ಐಸಿಟಿ ಸೌಲಭ್ಯವಿದೆ, ಎಷ್ಟು ಅಧ್ಯಾಪಕರು ಅದನ್ನು ಬಳಸುತ್ತಾರೆ ಎಂದು ಪುರಾವೆ ಸಮೇತ ಕೇಳಿತು. ಪುರಾವೆ ಎಂದರೆ ಜಾಗದ ಗುರುತು ಬಿದ್ದ ಫೋಟೋ. ಪ್ರೊಜೆಕ್ಟರ್ ಹಚ್ಚಿ, ಮಕ್ಕಳನ್ನು ಕೂರಿಸಿ, ಫೋಟೋ ತೆಗೆದು, ಪ್ರೊಜೆಕ್ಟರನ್ನು ಮತ್ತೆ ಬೀರುವಿನಲ್ಲಿಟ್ಟ ಕಾಲೇಜುಗಳಿಲ್ಲವೆಂದು ಯಾರಾದರೂ ಎದೆ ಮುಟ್ಟಿ ಹೇಳಲಿ. ಕಂಪ್ಯೂಟರ್ ಕಲಿತದ್ದರಿಂದ ಮೇಷ್ಟ್ರ ಕೈಗೆ ಗುಮಾಸ್ತಿಕೆ ಬಂತು. ಪಾಠಕ್ಕೆ ಬೇಕಾದ ಹೊತ್ತನ್ನು ದತ್ತಾಂಶ ತುಂಬುವುದಕ್ಕೆ ಕಿತ್ತುಕೊಂಡವರೇ ಪಾಠದಲ್ಲಿ ಹೊಸತನವಿಲ್ಲವೆಂದು ದೂರುತ್ತಾರೆ!

ನಿಜವಾದ ಗುಮಾಸ್ತರನ್ನು ಯಾರೂ ಕೇಳುವುದೇ ಇಲ್ಲ. ಬೋಧಕೇತರ ಸಿಬ್ಬಂದಿಗೆ ಬೋಧನಾ ಸಾಧನದ ತರಬೇತಿ ಏಕೆ ಎಂದು ಹುಬ್ಬೇರಿಸುವವರಿದ್ದಾರೆ. ಸ್ಮಾರ್ಟ್ ಕೋಣೆಯ ಬೀಗದ ಕೈ ಇರುವುದು ಜವಾನನ ಬಳಿ. ಯುಪಿಎಸ್ ಯಾವಾಗ ಕೈಕೊಡುತ್ತದೆಂದು ಗೊತ್ತಿರುವುದು ಲ್ಯಾಬಿನ ಸಹಾಯಕನಿಗೆ. ಯಾವ ಇ-ಪುಸ್ತಕ ಎಲ್ಲಿ ಸಿಗುತ್ತದೆಂದು ಹೇಳಬೇಕಾದವರು ಗ್ರಂಥಪಾಲಕರು, ಅವರ ಹುದ್ದೆ ಎಷ್ಟೋ ಕಡೆ ಖಾಲಿ. ಹತ್ತನೆಯ ತರಗತಿ ಓದಿದ ಅಟೆಂಡರ್ ಒಬ್ಬ ತಂತಿ ಎಲ್ಲಿ ಸಿಕ್ಕಿಸಬೇಕು, ಧ್ವನಿ ಬರದಿದ್ದರೆ ಏನು ನೋಡಬೇಕು ಎಂದು ಕಲಿತರೆ ಇಪ್ಪತ್ತು ಮಂದಿ ಉಪನ್ಯಾಸಕರ ದಿನಕ್ಕೆ ಹದಿನೈದು ನಿಮಿಷ ಉಳಿಯುತ್ತದೆ. ಆದರೆ ಅವನಿಗೆ ಪ್ರಮಾಣಪತ್ರ ಕೊಟ್ಟರೆ ನ್ಯಾಕ್‌ನಲ್ಲಿ ಹೆಚ್ಚು ಅಂಕವೇನೂ ಬರುವುದಿಲ್ಲವಲ್ಲ.

ಉಪನ್ಯಾಸಕರೆಲ್ಲ ಮುಗ್ಧರೆಂದು ನಾನು ವಾದಿಸುತ್ತಿಲ್ಲ. ಯುಜಿಸಿ ವೇತನ ಪಡೆದೂ ಪಾಸ್‌ವರ್ಡನ್ನು ಅತಿಥಿ ಉಪನ್ಯಾಸಕನ ಕೈಗೆ ಕೊಟ್ಟು, ತನ್ನ ಹೆಸರಿನ ಕೋರ್ಸನ್ನು ಅವನಿಂದ ಮುಗಿಸಿಕೊಳ್ಳುವ ಹಿರಿಯರಿದ್ದಾರೆ. ಸ್ಲೈಡನ್ನು ಅಕ್ಷರಶಃ ಓದಿ ಹೇಳುವುದೇ ಆಧುನಿಕ ಬೋಧನೆ ಎಂದು ನಂಬಿದವರಿದ್ದಾರೆ. ಅವರಿಗಿಂತ ಸೀಮೆಸುಣ್ಣ ಹಿಡಿದು ಪ್ರಶ್ನೆ ಕೇಳುವವರು ಸಾವಿರ ಪಾಲು ಮೇಲು. ಆನ್‌ಲೈನ್ ಕೋರ್ಸಿಗೆ ವಿಡಿಯೋ, ಓದುವ ಪಠ್ಯ, ಚರ್ಚೆ, ಪರೀಕ್ಷೆ ಎಂಬ ನಾಲ್ಕು ಭಾಗಗಳಿರಬೇಕೆಂದು ಸ್ವಯಂ ವ್ಯವಸ್ಥೆಯೇ ಹೇಳುತ್ತದೆ. ನಮ್ಮವರು ವಿಡಿಯೋ ಹಾಕುತ್ತಾರೆ, ಪಠ್ಯ ಹಾಕುತ್ತಾರೆ, ನಾಲ್ಕು ಆಯ್ಕೆಯ ಪ್ರಶ್ನೆಗಳನ್ನೂ ಹಾಕುತ್ತಾರೆ. ಚರ್ಚೆಯ ಭಾಗ ಮಾತ್ರ ಬಣಬಣ. ತರಗತಿಯಲ್ಲಿ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರಿಸಿ ಅಭ್ಯಾಸವಿಲ್ಲದವರು ಪರದೆಯಲ್ಲಿ ಉತ್ತರಿಸಲು ಎಲ್ಲಿಂದ ಕಲಿತಾರು? ಇದು ಯಂತ್ರದ ದೋಷವಲ್ಲ, ತರಬೇತಿಯಲ್ಲಿ ಮುಟ್ಟಬೇಕಾದ ಹಳೆಯ ಗಾಯ.

ಬೇರೆ ದಾರಿಯೇ ಇಲ್ಲವೇ? ತಲಪಾಡಿ ಗಡಿ ದಾಟಿದರೆ ಕಾಸರಗೋಡು. ಕೇರಳ ಸರ್ಕಾರ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಆರಂಭಿಸಿತು, 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಯಿತು. ಅಲ್ಲಿನ ತರಬೇತುದಾರರಾಗಿ ಶಾಲೆಯ ಶಿಕ್ಷಕರನ್ನೇ ಆರಿಸಿ ಬೆಳೆಸಿದರು. ಬಳಸುವುದು ಮುಕ್ತ ತಂತ್ರಾಂಶ. ಪರವಾನಗಿಯ ಹಣ ಕಟ್ಟುವ ಹಂಗಿಲ್ಲ, ಕೆಟ್ಟರೆ ಕಂಪೆನಿಯವನಿಗೆ ಕಾಯುವ ಹಂಗೂ ಕಡಿಮೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಅದು ಶಾಲೆ, ಇದು ಕಾಲೇಜು ಎಂದು ಯಾರಾದರೂ ತಕರಾರು ತೆಗೆಯಬಹುದು. ಶಾಲಾ ಶಿಕ್ಷಕರು ಒಬ್ಬರಿಗೊಬ್ಬರು ಕಲಿಸಿಕೊಳ್ಳಬಹುದಾದರೆ ಡಾಕ್ಟರೇಟ್ ಪಡೆದವರಿಗೆ ಅದೇಕೆ ಅಸಾಧ್ಯ? ನಮ್ಮ ಪ್ರತಿ ಕಾಲೇಜಿನಲ್ಲೂ ಈ ವಿದ್ಯೆ ಬಲ್ಲ ಒಬ್ಬಿಬ್ಬರು ಇದ್ದೇ ಇದ್ದಾರೆ. ಸಾಮಾನ್ಯವಾಗಿ ಅವರು ಅತಿಥಿ ಉಪನ್ಯಾಸಕರು, ಮೂವತ್ತರ ಆಸುಪಾಸಿನವರು. ಅವರನ್ನು ಗುರುವಾಗಿ ಒಪ್ಪಿಕೊಳ್ಳಲು ಸ್ಟಾಫ್ ರೂಮಿನ ಮರ್ಯಾದೆ ಅಡ್ಡಬರುತ್ತದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಹೊಸ ಜಾತ್ರೆ ಶುರುವಾಗಿದೆ. ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಮತ್ತೆ ಅದೇ ಕಾರ್ಯಾಗಾರ, ಅದೇ ಸಂಪನ್ಮೂಲ ವ್ಯಕ್ತಿ, ಹೊಸ ಹದಿನೈದು ಸಾಧನ. ವಿದ್ಯಾರ್ಥಿಗಳು ಯಂತ್ರದಿಂದ ಬರೆಸಿದ ನಿಬಂಧವನ್ನು ಮೇಷ್ಟ್ರ ಮೇಜಿನ ಮೇಲಿಡುತ್ತಿದ್ದಾರೆ, ಮೇಷ್ಟ್ರು ಅದನ್ನು ಓದದೆ ಸಹಿ ಹಾಕುತ್ತಿದ್ದಾರೆ. ಆ ನಿಬಂಧವನ್ನು ಎದುರಿಗಿಟ್ಟುಕೊಂಡು, ಇದರಲ್ಲಿ ಯಾವುದು ಸರಿ, ಯಾವುದು ಯಂತ್ರ ಕಟ್ಟಿದ ಕಥೆ ಎಂದು ತರಗತಿಯಲ್ಲಿ ಬಿಡಿಸಿ ನೋಡುವುದನ್ನು ಕಲಿಸುವ ಕಾರ್ಯಾಗಾರಕ್ಕೆ ನಾನು ಕೈಯಿಂದ ಬಸ್ ಚಾರ್ಜು ಹಾಕಿಯಾದರೂ ಹೋಗುತ್ತೇನೆ.

ಇಲಾಖೆಗೆ ನಿಜಕ್ಕೂ ಮನಸ್ಸಿದ್ದರೆ ಹೊಸ ಹಣವನ್ನು ಕಾಯಬೇಕಾಗಿಲ್ಲ. ಸಹಾಯಕ ಪ್ರಾಧ್ಯಾಪಕರ ವಾರದ 16 ಗಂಟೆಗಳ ಬೋಧನಾ ಕಾರ್ಯಭಾರದಲ್ಲಿ ಒಂದು ಗಂಟೆಯನ್ನು ಇದಕ್ಕೆಂದು ವೇಳಾಪಟ್ಟಿಯಲ್ಲೇ ಬರೆಯಲಿ. ಆ ಗಂಟೆ ಅವರದೇ ಕಾಲೇಜಿನಲ್ಲಿ, ಅವರದೇ ವಿಷಯದ ಮುಂದಿನ ವಾರದ ಪಾಠವನ್ನು ಸಿದ್ಧಪಡಿಸಲು ಇರಲಿ, ಕನ್ನಡದಲ್ಲಿ ಇರಲಿ. ಅತಿಥಿ ಉಪನ್ಯಾಸಕರಿಗೆ ಆ ಗಂಟೆಯ ಗೌರವಧನ ಸಿಗಲಿ, ಕಲಿಸಿಕೊಟ್ಟರೆ ಸೇವಾವಧಿಯ ಲೆಕ್ಕದಲ್ಲಿ ಅದಕ್ಕೂ ಒಂದು ಜಾಗವಿರಲಿ. ಅವರು ಮಾಡಿದ ಪಾಠ ಎಲ್‌ಎಂಎಸ್‌ನಲ್ಲಿ ಉಳಿದರೆ ಅವರ ಹೆಸರೂ ಅದರ ಮೇಲೆ ಉಳಿಯಲಿ. ವರ್ಷದ ಕೊನೆಗೆ ಪ್ರಮಾಣಪತ್ರ ಎಣಿಸುವ ಬದಲು ಪ್ರಾಂಶುಪಾಲರು ಎರಡನೇ ವರ್ಷದ ನಾಲ್ಕು ಮಂದಿ ವಿದ್ಯಾರ್ಥಿಗಳನ್ನು ಕರೆದು, ಅವರಲ್ಲಿ ಒಬ್ಬಳು ಹಳ್ಳಿಯಿಂದ ಬರುವವಳಾಗಿರಲಿ, ಒಬ್ಬ ಕಣ್ಣು ಕಾಣದವನಾಗಿರಲಿ, ಮೇಷ್ಟ್ರು ಕಳಿಸಿದ್ದು ನಿಮಗೆ ತಲುಪಿತೇ, ಅರ್ಥವಾಯಿತೇ ಎಂದು ಕೇಳಲಿ. ಮುಂದಿನ ತರಬೇತಿಯ ಪಟ್ಟಿ ತಯಾರಿಸುವಾಗ ಅವರ ಉತ್ತರ ಮೇಜಿನ ಮೇಲಿರಲಿ. ಪಟ್ಟಿಯ ಮೊದಲ ಹೆಸರು ಸ್ಮಾರ್ಟ್ ಕೋಣೆಯ ಬೀಗದ ಕೈ ಇಟ್ಟುಕೊಂಡವನದಾದರೂ ನನ್ನ ತಕರಾರಿಲ್ಲ.